ನೀನು ಕೊಟ್ಟ ಪೆನ್ನುಗಳ ಲೆಕ್ಕ

ಪ್ರೀತಿಯ ಗೆಳೆಯ,

ಊರಿಗೆ ಮರಳಿ ಹದಿನೈದು ದಿನಗಳಾದವು. ಬಂದವನು ಮೊದಲು ನಿನ್ನ ಅಂಗಡಿಗೇ ಬರುತ್ತಾನೆಂದು ನೀನು ಕಾದಿರಬಹುದು. ಬರಲಿಲ್ಲ. ಹೊರಡುವ ಹಿಂದಿನ ಸಂಜೆ ನೀನು ಹನ್ನೆರಡು ಡಜನ್ ಬಾಲ್‌ಪೆನ್ನುಗಳನ್ನು ಪೊಟ್ಟಣ ಕಟ್ಟಿ ನನ್ನ ಚೀಲಕ್ಕೆ ತುರುಕಿ, 'ಇವನ್ನು ಅಲ್ಲಿನ ಬಡ ಮಕ್ಕಳಿಗೆ ನಿನ್ನ ಕೈಯಾರೆ ಕೊಡು, ಕೊಡುವಾಗ ಒಂದು ಫೋಟೋ ತೆಗೆದು ಕಳಿಸು' ಎಂದಿದ್ದೆಯಲ್ಲ, ಆ ನೂರ ನಲವತ್ತನಾಲ್ಕು ಪೆನ್ನುಗಳ ಲೆಕ್ಕವನ್ನು ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಗಿರಾಕಿಗಳ ನಡುವೆ ಒಪ್ಪಿಸುವುದು ನನ್ನಿಂದ ಆಗುತ್ತಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಫೋಟೋ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಮೂರನೆಯ ಬೆಂಚಿನ ಗೆಳೆಯ ಪಾಠ ಹೇಳುತ್ತಿರುವ ಅರ್ಬಾ ಮಿಂಚ್ ಎಂಬ ಊರು ಇಥಿಯೋಪಿಯಾದ ದಕ್ಷಿಣಕ್ಕಿದೆ. ಅಮ್ಹಾರಿಕ್ ಭಾಷೆಯಲ್ಲಿ ಆ ಹೆಸರಿಗೆ ನಲವತ್ತು ಚಿಲುಮೆಗಳು ಎಂದರ್ಥ. ಊರಿನ ಕೆಳಗೆ ಅಬಾಯ ಮತ್ತು ಚಾಮೊ ಎಂಬ ಎರಡು ಸರೋವರಗಳಿವೆ. ಒಂದರ ನೀರು ನಮ್ಮ ಮಳೆಗಾಲದ ಕೆರೆಯಂತೆ ಕೆಂಪು, ಮತ್ತೊಂದರಲ್ಲಿ ಮೊಸಳೆಗಳ ಸಂತೆ. ಊರಿನ ಹಿಂದಕ್ಕೆ ಗಾಮೊ ಜನರ ಬೆಟ್ಟಗಳು ಎದ್ದು ನಿಂತಿವೆ. ನಾನು ಅಲ್ಲಿ ತಲುಪಿದ್ದು ಅವರ ಹೊಸ ವರ್ಷದ ಮುನ್ನಾದಿನ. ಹದಿಮೂರು ತಿಂಗಳ ಅವರ ಪಂಚಾಂಗದಲ್ಲಿ 2019ರ ಸೆಪ್ಟೆಂಬರ್ 12ರಂದು 2012ನೆಯ ವರ್ಷ ಹುಟ್ಟಿತು. ಏಳು ವರ್ಷ ಚಿಕ್ಕವನಾದೆನೆಂದು ನಾನು ಬೀಗಿದರೆ, ನಮ್ಮ ಗೆಳೆಯ 'ಬುದ್ಧಿಯೂ ಏಳು ವರ್ಷ ಹಿಂದಕ್ಕೆ ಹೋಗುತ್ತದೆ, ಹುಷಾರು' ಎಂದ. ಆ ಮಾತು ಎಷ್ಟು ಬೇಗ ನಿಜವಾಯಿತೆಂಬುದನ್ನು ಮುಂದೆ ನೋಡುವೆ.

ಹೊಸ ವರ್ಷದ ಮೂರನೆಯ ದಿನ ಬೆಟ್ಟ ಹತ್ತಿದೆವು. ಸುಮಾರು 1,300 ಮೀಟರ್ ಎತ್ತರದ ಸೆಕೆಯ ಊರಿನಿಂದ ಹೊರಟ ಜೀಪು ತಿರುವುಗಳನ್ನು ಹತ್ತುತ್ತ 2,500 ಮೀಟರ್ ದಾಟುವಷ್ಟರಲ್ಲಿ ನಾನು ತೆಳು ಅಂಗಿಯ ಮೇಲೆ ಜಾಕೆಟ್ ಏರಿಸಿದ್ದೆ. ದಾರಿಯ ಬದುಗಳಲ್ಲೆಲ್ಲ ಹಳದಿ ಹೂವು. ನಮ್ಮ ರಾಗಿ ಹೊಲದ ಸಾಲುಗಳ ಹುಚ್ಚೆಳ್ಳೇ ಇದು ಎಂದು ನಾನು ಕೂಗಿಕೊಂಡೆ. ಅಲ್ಲವಂತೆ, ಅದು ಅವರ ಹೊಸ ವರ್ಷದ ಹೂವು, 'ಅದೇಯ್ ಅಬೇಬಾ'. ಆದರೆ ಹುಚ್ಚೆಳ್ಳಿನ ತವರು ಇಥಿಯೋಪಿಯಾವೇ. ರಾಗಿಯೂ ಪೂರ್ವ ಆಫ್ರಿಕಾದ ಎತ್ತರದ ನಾಡುಗಳಿಂದಲೇ ನಮ್ಮಲ್ಲಿಗೆ ಬಂದದ್ದು. ನಿನ್ನ ಬೆಳಗಿನ ಕಾಫಿಯ ಮೂಲವೂ ಅದೇ ನೆಲ. ಇಷ್ಟೆಲ್ಲವನ್ನೂ ಕೊಟ್ಟ ನಾಡಿಗೆ ನಾವು ಪೆನ್ನು ಹಿಡಿದು ಹೊರಟಿದ್ದೆವು ಎಂಬ ಯೋಚನೆ ಆಗ ನನಗೆ ಬರಲಿಲ್ಲವೆಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು.

ಏಕೆಂದರೆ ಆಗ ನನ್ನ ಗಮನವೆಲ್ಲ ಜೀಪಿನ ಹಿಂದೆ ಓಡಿಬರುತ್ತಿದ್ದ ಮಕ್ಕಳ ಮೇಲಿತ್ತು. 'ಫೆರೆಂಜ್! ಫೆರೆಂಜ್!' ಎಂದು ಅವರು ಕೂಗುತ್ತಿದ್ದರು. ನಮ್ಮ 'ಫರಂಗಿ'ಯೂ ಆ 'ಫೆರೆಂಜ್' ಪದವೂ ಒಂದೇ ಬೇರಿನವು. ಪಪ್ಪಾಯಿಯನ್ನು ಪರಂಗಿ ಹಣ್ಣೆಂದು ಕರೆಯುತ್ತಿದ್ದ ಅಜ್ಜಿಯ ಮೊಮ್ಮಗನಾದ ನಾನು ಆ ಬೆಟ್ಟದಲ್ಲಿ ಸ್ವತಃ ಪರಂಗಿಯಾಗಿದ್ದೆ. ಕೆಲವರು ರಸ್ತೆಯ ನಡುವೆಯೇ ಸೊಂಟ ಕುಣಿಸಿ ನರ್ತಿಸುತ್ತಿದ್ದರು. ಕೆಲವರು 'ಪೆನ್, ಪೆನ್' ಎಂದರೆ ಕೆಲವರು 'ಹೈಲ್ಯಾಂಡ್, ಹೈಲ್ಯಾಂಡ್' ಎನ್ನುತ್ತಿದ್ದರು. ಹೈಲ್ಯಾಂಡ್ ಎಂಬುದು ಬಾಟಲಿ ನೀರಿನ ಒಂದು ಹೆಸರು, ನಮ್ಮಲ್ಲಿ ಬಿಸ್ಲೆರಿ ಎಂದ ಹಾಗೆ. ಅವರು ಕೇಳುತ್ತಿದ್ದದ್ದು ನಾವು ಕುಡಿದು ಎಸೆಯುವ ಖಾಲಿ ಬಾಟಲಿ. ನಾನು ಪೊಟ್ಟಣಕ್ಕೆ ಕೈ ಹಾಕಿದೆ. ಜೊತೆಗೆ ಬಂದಿದ್ದ ಹಳ್ಳಿಯ ಶಾಲೆಯ ಮೇಷ್ಟ್ರು ನನ್ನ ಮಣಿಕಟ್ಟನ್ನು ಮೆಲ್ಲಗೆ ಹಿಡಿದರು. ರಸ್ತೆಯಲ್ಲಿ ಕೊಟ್ಟರೆ ಯಾವಾಗಲೂ ಹೆಚ್ಚು ಜೋರಾಗಿ ಓಡುವ ದೊಡ್ಡ ಹುಡುಗನಿಗೇ ಅದು ಸಿಗುತ್ತದೆ, ಬೆನ್ನ ಮೇಲೆ ತಮ್ಮನನ್ನು ಕಟ್ಟಿಕೊಂಡ ಹುಡುಗಿಗೆ ಎಂದೂ ಸಿಗುವುದಿಲ್ಲ, ಮೇಲಾಗಿ ಹೀಗೆ ಸಿಗುತ್ತದೆಂಬ ಆಸೆಗೇ ಮಕ್ಕಳು ಶಾಲೆ ಬಿಟ್ಟು ಗಾಡಿಗಳ ಹಿಂದೆ ಓಡುತ್ತಾರೆ, ಎಂದರು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಆದರೆ ಒಳಗೊಳಗೇ ಸ್ವಲ್ಪ ಸಿಟ್ಟೂ ಬಂತು. ಕೊಡುವವನ ಕೈ ಹಿಡಿದರೆ ಬರುವ ಸಿಟ್ಟು ಅದು.

ಮೇಷ್ಟ್ರ ಹಳ್ಳಿಯಲ್ಲಿ ಒಂದು ಮನೆಗೆ ಹೋದೆವು. ಮನೆ ಎಂದರೆ ಬಿದಿರಿನ ಹೆಣಿಗೆಯ ಒಂದು ಬೃಹತ್ ಬುಟ್ಟಿಯನ್ನು ಬೋರಲು ಹಾಕಿದಂತೆ. ಮುಂದಕ್ಕೆ ಚಾಚಿದ ಬಾಗಿಲ ಮಾಡಿನಿಂದಾಗಿ ದೂರಕ್ಕೆ ಆನೆಯ ತಲೆಯಂತೆ ಕಾಣುತ್ತದೆ. ಬುಡವನ್ನು ಗೆದ್ದಲು ತಿನ್ನುತ್ತ ಬಂದಂತೆ ಮನೆ ವರ್ಷದಿಂದ ವರ್ಷಕ್ಕೆ ಕುಳ್ಳಾಗುತ್ತದೆ. ತೀರಾ ಹಾಳಾಗುವ ಮುನ್ನ ಹತ್ತಾರು ಜನ ಸೇರಿ ಇಡೀ ಮನೆಯನ್ನೇ ಎತ್ತಿ ಬೇರೆಡೆ ಇಡುವುದೂ ಉಂಟು. ಒಳಗೆ ಕತ್ತಲು, ಹೊಗೆ, ಒಂದು ಪಕ್ಕದಲ್ಲಿ ಹಸು ಮತ್ತು ಕರು, ನಡುವೆ ಒಲೆ, ಮೂಲೆಯಲ್ಲಿ ಹಳದಿ ಪ್ಲಾಸ್ಟಿಕ್ ಕ್ಯಾನುಗಳು. ನೀರು ತರಲು ಮಕ್ಕಳು ದಿನಕ್ಕೆ ಎರಡು ಬಾರಿ ಇಳಿಜಾರಿನ ಕೆಳಗಿನ ಒರತೆಗೆ ಹೋಗಿಬರಬೇಕು. ನೆಲದ ಮೇಲೆ ಹಬ್ಬಕ್ಕೆಂದು ಹಾಸಿದ ಹಸಿ ಹುಲ್ಲು ಇನ್ನೂ ಪೂರ್ತಿ ಒಣಗಿರಲಿಲ್ಲ. ಅದು ಬಿಟ್ಟರೆ ಹಬ್ಬದ ಗುರುತು ಬೇರೇನೂ ಕಾಣಲಿಲ್ಲ. ಮನೆಯ ದೊಡ್ಡ ಹುಡುಗ, ಹದಿಮೂರರವನು, ಅಡಿಸ್ ಅಬಾಬಾದ ಶಿರೋ ಮೇಡಾದಲ್ಲಿ ಮಗ್ಗದ ಮುಂದೆ ಕೂತಿದ್ದಾನಂತೆ. ಗಾಮೊ ಬೆಟ್ಟದವರು, ಅದರಲ್ಲೂ ದೋರ್ಜೆಯವರು, ನೇಯ್ಗೆಯಲ್ಲಿ ಎತ್ತಿದ ಕೈ; ಆ ಕೀರ್ತಿಯ ಹಿಂದೆ ಇಂಥ ಎಷ್ಟೋ ಪುಟ್ಟ ಕೈಗಳೂ ಇವೆ.

ಮನೆಯ ಸುತ್ತ ಬಾಳೆಯ ತೋಟವೆಂದು ನಾನು ತಿಳಿದದ್ದು ಬಾಳೆಯಲ್ಲ. ಎನ್ಸೆಟ್ ಎಂಬ ಆ ಗಿಡ ಬಾಳೆಯ ಅಕ್ಕನಂತಿದೆ, ಆದರೆ ಅದರ ಹಣ್ಣನ್ನು ತಿನ್ನುವುದಿಲ್ಲ. ನಾಲ್ಕೈದು ವರ್ಷ ಬೆಳೆಸಿ ಕಡಿದು, ಹೆಂಗಸರು ಅದರ ದಿಂಡನ್ನು ಬಿದಿರಿನ ಸೀಳಿನಿಂದ ಕೆರೆದು, ಬಂದ ತಿರುಳನ್ನು ಅದರದೇ ಎಲೆ ಹಾಸಿದ ಗುಂಡಿಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಹುಳಿಯಲು ಬಿಟ್ಟು, ಆಮೇಲೆ ಹಿಂಡಿ ತಟ್ಟಿ ಎಲೆಯಲ್ಲಿ ಸುತ್ತಿ ಸುಡುತ್ತಾರೆ. ಕೊಚೊ ಎಂಬ ಆ ಹುಳಿ ರೊಟ್ಟಿಯೇ ಊಟ. ಮಳೆ ಕೈಕೊಟ್ಟ ವರ್ಷದಲ್ಲೂ ಗಿಡ ನಿಂತಿರುತ್ತದೆಯಾದ್ದರಿಂದ ಇದನ್ನು ಹಸಿವಿಗೆ ಅಡ್ಡ ನಿಂತ ಮರವೆಂದು ಕರೆಯುತ್ತಾರೆ. ಆ ದೇಶದ ಸುಮಾರು ಎರಡು ಕೋಟಿ ಜನರ ಹೊಟ್ಟೆ ಇದನ್ನು ನಂಬಿದೆ. ಆದರೆ ಹೊಟ್ಟೆ ತುಂಬುವುದೇ ಬೇರೆ, ಮೈ ಬೆಳೆಯುವುದೇ ಬೇರೆ. ಅಂಗಳದಲ್ಲಿ ನನ್ನ ಬೆರಳು ಹಿಡಿದು ನಡೆದ ಹುಡುಗನಿಗೆ ಆರು ವರ್ಷವಿರಬೇಕೆಂದುಕೊಂಡಿದ್ದೆ. 'ಒಂಬತ್ತು, ನನ್ನ ಮೂರನೆಯ ತರಗತಿಯಲ್ಲಿದ್ದಾನೆ' ಎಂದರು ಮೇಷ್ಟ್ರು. 2016ರ ಸಮೀಕ್ಷೆಯ ಪ್ರಕಾರ ಆ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 38 ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ಮೂರನೆಯ ತರಗತಿಯ ಆ ಹುಡುಗ ನನ್ನ ಬೆರಳು ಹಿಡಿಯಲು ಕೈಯನ್ನು ಎಷ್ಟು ಮೇಲಕ್ಕೆತ್ತಬೇಕಾಗಿತ್ತು ಎಂಬುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅಷ್ಟರಲ್ಲಿ ಆಲಿಕಲ್ಲು ಮಳೆ ಶುರುವಾಯಿತು. ಮನೆಯವರು ಸಂತೆಗೆ ಹೋಗಿದ್ದರು. ಇದ್ದವರು ಮಕ್ಕಳೇ, ಒಟ್ಟು ಎಂಟು. ಅವರಲ್ಲಿ ಮೂವರು ಪಕ್ಕದ ಮನೆಯವರು. ಹತ್ತು ವರ್ಷದ ಒಬ್ಬ ಹುಡುಗಿ ಆ ಹೊತ್ತಿನ ಯಜಮಾನಿ. ಬೆನ್ನ ಮೇಲೆ ಮಲಗಿದ್ದ ತಮ್ಮನನ್ನು ಇಳಿಸದೆಯೇ ಅವಳು ನಮಗೆ ಮಣೆಗಳನ್ನು ತಂದಿಟ್ಟಳು; ಒಲೆಯ ಮೇಲೆ ಹೆಂಚಿಟ್ಟು ಬಾರ್ಲಿ ಹುರಿದಳು; ಹಬ್ಬಕ್ಕೆ ತಂದದ್ದಿರಬೇಕು, ಒಂದು ಹಿಡಿ ಕಡಲೆಯನ್ನೂ ಅದಕ್ಕೆ ಸೇರಿಸಿದಳು. ಕೊಲೊ ಎನ್ನುತ್ತಾರೆ ಅದಕ್ಕೆ. ನಮ್ಮ ಹುರಿಗಾಳೇ. ಹೊಸ ಬೆಳೆ ಮನೆಗೆ ಬರಲು ಇನ್ನೂ ತಿಂಗಳಿಗೂ ಹೆಚ್ಚು ಕಾಲವಿದ್ದುದರಿಂದ ಆ ಬಾರ್ಲಿ ಕಣಜದ ತಳದ್ದು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಅವಳು ಹಂಚಿದ ರೀತಿಯನ್ನು ನೀನು ನೋಡಬೇಕಿತ್ತು. ಸೋರೆ ಬುರುಡೆಯ ಬೋಗುಣಿಯನ್ನು ಮೊಣಕಾಲ ನಡುವೆ ಇಟ್ಟುಕೊಂಡು ಒಮ್ಮೆ ನಮ್ಮೆಲ್ಲರ ತಲೆಗಳನ್ನು ಕಣ್ಣಲ್ಲೇ ಎಣಿಸಿದಳು. ಮೊದಲು ನನಗೆ, ಆಮೇಲೆ ನಮ್ಮ ಗೆಳೆಯನಿಗೆ, ಮೇಷ್ಟ್ರಿಗೆ. ಆಮೇಲೆ ಚಿಕ್ಕವರಿಂದ ದೊಡ್ಡವರತ್ತ. ಅವಳ ಮುಷ್ಟಿ ಚಿಕ್ಕದಾದರೂ ಅಳತೆ ಅಕ್ಕಸಾಲಿಗನದು: ಒಬ್ಬನಿಗೆ ಹೆಚ್ಚಾಯಿತೆನಿಸಿದಾಗ ನಾಲ್ಕು ಕಾಳು ಹಿಂದಕ್ಕೆ ತೆಗೆದು ಪಕ್ಕದ ಮನೆಯ ಹುಡುಗನ ಅಂಗೈಗೆ ಹಾಕಿದಳು, ಯಾರೂ ಮುನಿಯಲಿಲ್ಲ. ಎಲ್ಲರಿಗೂ ಮುಗಿಯಿತೆಂದು ನಾನು ತಿಳಿದಾಗ ಅವಳು ಇನ್ನೊಂದು ಪಾಲನ್ನು ಎನ್ಸೆಟ್ ಎಲೆಯ ತುಂಡಿನಲ್ಲಿ ಮಡಿಸಿ, ಅದನ್ನು ಎದೆಗೊತ್ತಿಕೊಂಡು ಆಲಿಕಲ್ಲು ಬೀಳುತ್ತಿದ್ದ ಅಂಗಳಕ್ಕೆ ಓಡಿದಳು. ಎಲ್ಲಿಗೆಂದು ಮೂವರು ದೊಡ್ಡವರಿಗೂ ತಿಳಿಯಲಿಲ್ಲ. ಅವಳು ನೆನೆದು ಮರಳಿದ ಮೇಲೆ ತಿಳಿಯಿತು: ಕೆಳಗೆ ಜೀಪಿನಲ್ಲಿ ಕುಳಿತಿದ್ದ ಚಾಲಕನಿಗೆ ಕೊಟ್ಟು ಬಂದಿದ್ದಳು. ಬೆಳಗಿನಿಂದ ನಮ್ಮನ್ನು ಹೊತ್ತು ತಂದ ಆ ಮನುಷ್ಯನನ್ನು ಒಳಗೆ ಕರೆಯಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಇನ್ನು ನನ್ನ ಕಥೆ. ನನ್ನ ಅಂಗೈಯಲ್ಲಿ ಆ ಬೆಚ್ಚಗಿನ ಕಾಳುಗಳಿದ್ದವು, ಕಣ್ಣ ಮುಂದೆ ಆ ಕೈ ಇತ್ತು. ಆ ಕೈ ಸೆಗಣಿ ಬಾಚಿದ್ದನ್ನು, ತಮ್ಮನ ಮೂಗು ಒರೆಸಿದ್ದನ್ನು ನಾನು ಅರ್ಧ ಗಂಟೆಯ ಹಿಂದೆ ನೋಡಿದ್ದೆ. ಹೊಟ್ಟೆ ಕೆಟ್ಟರೆ ಏನು ಗತಿ ಎಂದು ಲೆಕ್ಕ ಹಾಕಿ, ನಾಲ್ಕು ಕಾಳು ಬಾಯಿಗೆ ಹಾಕಿದಂತೆ ನಟಿಸಿ, ಉಳಿದದ್ದನ್ನು ಮೆಲ್ಲಗೆ ಜಾಕೆಟಿನ ಜೇಬಿಗೆ ಜಾರಿಸಿದೆ. ಯಾರೂ ನೋಡಲಿಲ್ಲವೆಂದುಕೊಂಡೆ. ಮಕ್ಕಳ ಕಣ್ಣು ತಪ್ಪಿಸಿದವರು ಯಾರಿದ್ದಾರೆ! ಅವಳು ಮೇಷ್ಟ್ರ ಕಡೆ ತಿರುಗಿ ಏನೋ ಕೇಳಿದಳು. ಮೇಷ್ಟ್ರು ನಗು ತಡೆಯಲಾರದೆ ಹೇಳಿದರು: 'ಇವರಿಗೆ ಹಲ್ಲಿಲ್ಲವೇ ಎಂದು ಕೇಳುತ್ತಿದ್ದಾಳೆ.'

ಸಿಕ್ಕಿಬಿದ್ದವನು ಏನು ಹೇಳುತ್ತಾನೆ ಹೇಳು. 'ಮನೆಯಲ್ಲಿರುವ ಮಕ್ಕಳಿಗೆಂದು ಇಟ್ಟುಕೊಂಡೆ' ಎಂದುಬಿಟ್ಟೆ. ನನ್ನ ಮಗಳು ಕಾಲೇಜಿಗೆ ಹೋಗುತ್ತಿರುವುದು ನಿನಗೆ ಗೊತ್ತು. 'ಎಷ್ಟು ಮಕ್ಕಳು?' ಎಂದು ಮುಂದಿನ ಪ್ರಶ್ನೆ ಬಂತು. ಆ ಗಳಿಗೆಯಲ್ಲಿ ನೆನಪಾದದ್ದು ನಿನ್ನ ಇಬ್ಬರು. 'ಇಬ್ಬರು' ಎಂದೆ. ಅವಳು ಬೋಗುಣಿಯಲ್ಲಿ ಕೊನೆಗೆ ಉಳಿದಿದ್ದ ಕಾಳನ್ನು ನೋಡಿದಳು. ಅದು ಅವಳ ಪಾಲು. ತಾನಿನ್ನೂ ಒಂದು ಕಾಳನ್ನೂ ಬಾಯಿಗೆ ಹಾಕಿರಲಿಲ್ಲ. ಎರಡು ಎಲೆಯ ತುಂಡುಗಳನ್ನು ಹರಿದು, ಒಂದೊಂದರಲ್ಲೂ ಒಂದೊಂದು ಚಿಕ್ಕ ಮುಷ್ಟಿ ಹಾಕಿ, ನಾರಿನಿಂದ ಬಿಗಿದು ನನ್ನ ಕೈಗೆ ಕೊಟ್ಟಳು. ಬೋಗುಣಿ ಬರಿದಾಯಿತು. ಬೇಡವೆನ್ನಲು ನಾನು ಬಾಯಿ ತೆರೆದೆ, ಆದರೆ ಬೇಡವೆಂದರೆ ಮಕ್ಕಳೇ ಇಲ್ಲವೆಂದಾಗುತ್ತದೆ, ಹೌದೆಂದರೆ ಅವಳ ಪಾಲು ಹೋಗುತ್ತದೆ. ನನ್ನ ಸುಳ್ಳು ನನ್ನ ಕತ್ತಿಗೇ ಸುತ್ತಿಕೊಂಡಿತ್ತು.

ಆಮೇಲೆ ಅವಳು ಮಾಡಿದ್ದನ್ನು ನಾನು ಬಹುಕಾಲ ಮರೆಯಲಾರೆ. ಜೇಬಿನ ಕಾಳು ಮಕ್ಕಳಿಗಾದರೆ ಈ ಅತಿಥಿ ಏನೂ ತಿನ್ನಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿರಬೇಕು. ಪಕ್ಕದಲ್ಲಿದ್ದ ಆ ಕುಳ್ಳ ಹುಡುಗನ ಅಂಗೈಯಿಂದ, ಅವನನ್ನು ಕೇಳಿ, ಒಂದಷ್ಟು ಕಾಳು ತೆಗೆದುಕೊಂಡು, ಎರಡೂ ಕೈಗಳ ನಡುವೆ ತಿಕ್ಕಿ, ಹೊಟ್ಟನ್ನು ಉಫ್ ಎಂದು ಊದಿ, ನನ್ನ ಬಾಯಿಯ ಹತ್ತಿರ ಹಿಡಿದಳು. ಅದಕ್ಕೆ ಗುರ್ಶಾ ಎಂದು ಹೆಸರು. ಊಟದಲ್ಲಿ ಒಬ್ಬರು ಮತ್ತೊಬ್ಬರ ಬಾಯಿಗೆ ತುತ್ತಿಡುವುದು. ಇಟ್ಟದ್ದನ್ನು ಒಲ್ಲೆ ಎನ್ನುವಂತಿಲ್ಲ, ಇಡುವವರು ಒಂದೇ ತುತ್ತಿಗೆ ನಿಲ್ಲಿಸುವಂತೆಯೂ ಇಲ್ಲ. ನಮ್ಮಲ್ಲಿ ಬೆಳದಿಂಗಳಲ್ಲಿ ಅಜ್ಜಿ ಸುತ್ತಲೂ ಮಕ್ಕಳನ್ನು ಕೂರಿಸಿಕೊಂಡು ಕೈತುತ್ತು ಹಾಕುತ್ತಿದ್ದಳಲ್ಲ, ಹಾಗೆಯೇ. ಆದರೆ ಇಲ್ಲಿ ಬಾಯಿ ತೆರೆದು ಕುಳಿತವನು ಐವತ್ತು ದಾಟಿದವನು, ತುತ್ತಿಟ್ಟವಳು ಹತ್ತು ವರ್ಷದವಳು. ಮೂರು ಬಾರಿ ಇಟ್ಟಳು. ಮೂರೂ ಬಾರಿ ತಿಂದೆ. ಹೊಟ್ಟೆ ಕೆಡಲಿಲ್ಲ ಎಂಬುದನ್ನು ನಾಚಿಕೆಯಿಂದ ದಾಖಲಿಸುತ್ತೇನೆ.

ಕೆಳಗಿಳಿಯುವಾಗ ನಾನು ಮೇಷ್ಟ್ರಿಗೆ ಏನೋ ದೊಡ್ಡ ಮಾತು ಹೇಳಲು ಹೊರಟೆ. ಬಡವರ ಹೃದಯ ಎಂಬ ಧಾಟಿಯದು. ಅವರಿಗೆ ಅದು ಇಷ್ಟವಾಗಲಿಲ್ಲ. ಈ ಮಕ್ಕಳೇ ನಾಳೆ ಒಂದು ಖಾಲಿ ಬಾಟಲಿಗಾಗಿ ಒಬ್ಬರ ತಲೆ ಒಬ್ಬರು ಒಡೆದುಕೊಳ್ಳುತ್ತಾರೆ, ಬಡತನ ಯಾರಿಗೂ ಗುಣ ಕಲಿಸುವುದಿಲ್ಲ, ತಿನ್ನುತ್ತಿರುವಾಗ ಯಾರೇ ಕಂಡರೂ 'ಎನಿಬ್ಲಾ', ಅಂದರೆ 'ಬನ್ನಿ, ಉಣ್ಣೋಣ' ಎನ್ನದೆ ಮುಂದಿನ ತುತ್ತು ಎತ್ತಬಾರದೆಂದು ಇಲ್ಲಿ ಮನೆಮನೆಯಲ್ಲೂ ಹೇಳಿಕೊಟ್ಟಿರುತ್ತಾರೆ, ಅಷ್ಟೇ, ಎಂದರು. ಮಕ್ಕಳು ಹಿರಿಯರನ್ನು ನೋಡಿ ಕಲಿಯುತ್ತಾರೆ ಎಂಬುದಕ್ಕೆ ಅವರು ಕೊಟ್ಟ ಉದಾಹರಣೆ ಕೇಳು. ಹಿಂದಿನ ವರ್ಷ, 2018ರ ಸೆಪ್ಟೆಂಬರಿನಲ್ಲಿ, ರಾಜಧಾನಿಯ ಅಂಚಿನ ಬುರಾಯು ಎಂಬಲ್ಲಿ ಗಾಮೊ ಜನರ ಮೇಲೆ ದಾಳಿಯಾಗಿ ಹಲವರು ಸತ್ತ ಸುದ್ದಿ ಬಂದಾಗ ಅರ್ಬಾ ಮಿಂಚಿನ ಯುವಕರು ಸೇಡಿಗಾಗಿ ಬೀದಿಗಿಳಿದರು. ಗಾಮೊ ಹಿರಿಯರು ಕೈಯಲ್ಲಿ ಹಸಿ ಹುಲ್ಲು ಹಿಡಿದು ತಮ್ಮ ಮೊಮ್ಮಕ್ಕಳ ವಯಸ್ಸಿನ ಆ ಯುವಕರ ಮುಂದೆ ಮಂಡಿಯೂರಿದರು. ಯುವಕರು ಹಿಂದಕ್ಕೆ ಹೋದರು. ಆ ಮನೆಯ ನೆಲದ ಮೇಲೆ ನಾನು ತುಳಿದು ನಡೆದದ್ದೂ ಅಂಥದೇ ಹುಲ್ಲು.

ಮೇಷ್ಟ್ರ ಮಾತನ್ನು ನಾನು ಒಪ್ಪುತ್ತೇನೆ, ಪೂರ್ತಿ ಒಪ್ಪುವುದಿಲ್ಲ. ಉಣ್ಣೋಣ ಬನ್ನಿ ಎನ್ನುವುದನ್ನು ಕಲಿಸಬಹುದು. ಮಳೆಯಲ್ಲಿ ಜೀಪಿನೊಳಗೆ ಕುಳಿತವನನ್ನು ಎಣಿಕೆಗೆ ಸೇರಿಸಿಕೊಳ್ಳುವುದು ನಮಗೂ ಬಾಲ್ಯದಲ್ಲಿ ಕಲಿಸಿದ್ದೇ ಅಲ್ಲವೇ? ನನಗೆ ಅದು ಎಲ್ಲಿ ತಪ್ಪಿಹೋಯಿತೆಂದು ಗೊತ್ತಿಲ್ಲ.

ಇನ್ನೊಂದು ಸಣ್ಣ ಸಂಗತಿ. ಹೊಸ ವರ್ಷಕ್ಕೆ ಅಲ್ಲಿ ಹುಡುಗರು ತಾವೇ ಬರೆದ ಚಿತ್ರಗಳನ್ನು ಮನೆಮನೆಗೆ ಕೊಟ್ಟು ಕಾಸು ಪಡೆಯುವ ಪದ್ಧತಿಯಿದೆ. ಮಳೆ ನಿಂತ ಮೇಲೆ ಆ ಒಂಬತ್ತು ವರ್ಷದ ಹುಡುಗ ಹಳದಿ ಸೂರ್ಯನಿರುವ ಒಂದು ಚಿತ್ರ ತಂದ. ಹತ್ತು ಬಿರ್ ಕೊಟ್ಟೆ, ನಮ್ಮ ಲೆಕ್ಕದಲ್ಲಿ ಸುಮಾರು 25 ರೂಪಾಯಿ. ಅವನು ನೋಟನ್ನು ಮಡಿಸಿ ಓಡಿಹೋದ, ಅಲ್ಲಿಗೆ ಮುಗಿಯಿತೆಂದುಕೊಂಡೆ. ನಾವು ಜೀಪು ಹತ್ತುವಾಗ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದು, ಒಂದೊಂದು ಬಿಸ್ಕತ್ತನ್ನೂ ಎರಡಾಗಿ ಮುರಿದು ಎಲ್ಲರಿಗೂ ಕೊಟ್ಟ. ಹುಡುಗಿಗೆ ಮಾತ್ರ ಇಡಿಯ ಬಿಸ್ಕತ್ತು. ಕಾರಣ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಈಗ ನಿನ್ನ ಲೆಕ್ಕ. ನೂರ ನಲವತ್ತನಾಲ್ಕು ಪೆನ್ನುಗಳನ್ನೂ ಮೇಷ್ಟ್ರಿಗೆ ಒಪ್ಪಿಸಿದೆ. ಶಾಲೆ ಶುರುವಾದ ಮೇಲೆ ಬೀರುವಿನಲ್ಲಿಟ್ಟು, ಯಾರ ಪೆನ್ನು ಮುಗಿಯಿತೋ ಅವರಿಗೆ ಒಂದರಂತೆ ಕೊಡುತ್ತಾರಂತೆ. ಕೊಟ್ಟವರು ಯಾರೆಂದು ಮಕ್ಕಳಿಗೆ ಹೇಳುವುದಿಲ್ಲವಂತೆ, ಅದನ್ನು ಸ್ಪಷ್ಟವಾಗಿ ಹೇಳಿದರು. ಪೆನ್ನಿಗಿಂತ ನೋಟ್‌ಪುಸ್ತಕಗಳ ಕೊರತೆ ಹೆಚ್ಚೆಂದೂ, ಕಳಿಸುವುದಾದರೆ ಹಣ ಕಳಿಸಿದರೆ ಅರ್ಬಾ ಮಿಂಚಿನ ಅಂಗಡಿಯಲ್ಲೇ ಕೊಳ್ಳಬಹುದೆಂದೂ ಹೇಳಿದ್ದಾರೆ. ನಿನ್ನ ವ್ಯಾಪಾರಕ್ಕೆ ಇದರಿಂದ ಲಾಭವಿಲ್ಲ, ಕ್ಷಮಿಸು. ನನ್ನ ಪಾಲಿನ ಹಣವನ್ನು ನಮ್ಮ ಗೆಳೆಯನ ಬಳಿ ಬಿಟ್ಟು ಬಂದಿದ್ದೇನೆ.

ಫೋಟೋ ತೆಗೆಯಲು ಮೊಬೈಲು ಕೈಯಲ್ಲೇ ಇತ್ತು. ಆದರೆ ಆ ಮನೆಯಲ್ಲಿ ಕೊಡುತ್ತಿದ್ದವನು ನಾನಾಗಿರಲಿಲ್ಲವಾದ್ದರಿಂದ ನೀನು ಕೇಳಿದ ಫೋಟೋಗೆ ಅವಕಾಶವೇ ಒದಗಲಿಲ್ಲ.

ಈ ಪತ್ರದ ಜೊತೆಗೆ ಎರಡು ಪುಟ್ಟ ಪೊಟ್ಟಣಗಳಿವೆ. ಎಲೆ ದಾರಿಯಲ್ಲೇ ಒಣಗಿ ಪುಡಿಯಾಯಿತು, ಹಾಗಾಗಿ ಕಾಗದದಲ್ಲಿ ಕಟ್ಟಿದ್ದೇನೆ. ಕಾಳುಗಳನ್ನು ಒಂದರಿಂದ ಇನ್ನೊಂದಕ್ಕೆ ಬೆರೆಸಿಲ್ಲ, ಅವಳು ಅಳೆದಂತೆಯೇ ಇವೆ. ಒಂದು ದೊಡ್ಡವನಿಗೆ, ಒಂದು ಚಿಕ್ಕವಳಿಗೆ. ಇಷ್ಟು ದಿನಕ್ಕೆ ಮೆತ್ತಗಾಗಿರುತ್ತವೆ. ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಒಮ್ಮೆ ಬೆಚ್ಚಗೆ ಮಾಡಿ ಕೊಡು, ಮತ್ತೆ ಗರಿಗರಿಯಾಗುತ್ತವೆ.

ನಿನ್ನವನೇ ಆದ,
ನಿನ್ನ ಗೆಳೆಯ